ಕೆಂಪು ಕಲ್ಲು ನಿಲ್ಲಿಸಿದರೆ ಗುಡ್ಡ ಉಳಿಯುತ್ತಾ? ಕೂಲಿ ಯಾರು ಕೊಡ್ತಾರೆ?

2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳ ಗೋಡೆ ಅರ್ಧಕ್ಕೇ ನಿಂತವು. ಅಕ್ರಮ ಗಣಿಗಾರಿಕೆಯ ಮೇಲೆ ಅಧಿಕಾರಿಗಳು ಬಿಗಿ ಮಾಡಿದ್ದೇ ತಡ, ಕೆಂಪು ಕಲ್ಲಿಗೂ ಬರ, ಮರಳಿಗೂ ಬರ. ಮೇಸ್ತ್ರಿಗಳು, ಕಲ್ಲು ಹೊರುವವರು, ಲಾರಿ ಓಡಿಸುವವರು ಕೆಲಸವಿಲ್ಲದೆ ಕೂತರು. ಪ್ರತಿಭಟನೆಗಳಾದವು. ಚರ್ಚೆ ಮಾತ್ರ ರಾಜಧನ ಎಷ್ಟು, ಪರ್ಮಿಟ್ ಯಾವಾಗ ಎನ್ನುವಲ್ಲೇ ಗಿರಕಿ ಹೊಡೆಯಿತು. ಒಂದು ಕಡೆ ‘ಪರಿಸರ ಉಳಿಸಿ’, ಇನ್ನೊಂದು ಕಡೆ ‘ಹೊಟ್ಟೆಪಾಡು ಉಳಿಸಿ’. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವ ಈ ಲೆಕ್ಕವೇ ತಪ್ಪು ಅನ್ನೋದು ನನ್ನ ವಾದ.

ಎಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಇಟ್ಟಿಗೆಯನ್ನು 24 ಗಂಟೆ ನೀರಲ್ಲಿ ನೆನೆಸಿ ತೂಕ ಹಾಕ್ತಿದ್ವಿ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು, ಅಷ್ಟೇ ಪಾಠ. ಅದರ ಮಣ್ಣು ಯಾವ ಕೆರೆಯದ್ದು, ಯಾವ ಹೊಲದ್ದು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗೋಡೆಯ ರಾಜಕೀಯ ಶುರುವಾಗೋದೇ ಆ ಕೇಳದ ಪ್ರಶ್ನೆಯಿಂದ.

ಕೆಂಪು ಕಲ್ಲನ್ನೇ ನೋಡಿ. ಕರಾವಳಿಯ ಮುರಕಲ್ಲು ನೆಲದೊಳಗೆ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಸುಡಬೇಕಿಲ್ಲ, ಬೇಕೆನಿಸದಿದ್ದರೆ ಗಾರೆ ಬಳಿಯಬೇಕಿಲ್ಲ. ಊರಿನದೇ ಕಲ್ಲು, ಊರಿನದೇ ಕೈ. ಇಷ್ಟು ಕಡಿಮೆ ಇಂಧನದಲ್ಲಿ ಏಳುವ ಗೋಡೆ ಅಪರೂಪ. ಆದರೆ ಆ ಕಲ್ಲಿನ ಪದರದ ಕೆಳಗೆ ಹಲವು ಕಡೆ ಇರೋದು ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕುಸಿಯುವ ಮಣ್ಣು ಅದು. ಮೇಲಿನ ಕಲ್ಲನ್ನು ಯಂತ್ರ ಹಾಕಿ ಬುಡದವರೆಗೂ ಕೊಯ್ದರೆ ಗುಡ್ಡದ ಟೋಪಿ ತೆಗೆದ ಹಾಗೆ. ಜೋರು ಮಳೆಗೆ ಗುಡ್ಡ ಜರಿಯುವ ಭಯ ಸುಳ್ಳಲ್ಲ. ಕೊಯ್ದು ಬಿಟ್ಟ ಕೋರೆಯಲ್ಲಿ ನೀರು ನಿಂತರೆ ಅದು ಅಕ್ಕಪಕ್ಕದ ಮಕ್ಕಳಿಗೆ ಕಂಟಕ.

ಹಾಗಾದ್ರೆ ನಿಲ್ಲಿಸಿದರೆ ಮುಗೀತಲ್ವಾ? ಇಲ್ಲ. ಕೆಂಪು ಕಲ್ಲು ಸಿಗದವರು ಮನೆ ಕಟ್ಟೋದನ್ನು ಬಿಡಲ್ಲ, ಸಿಮೆಂಟ್ ಬ್ಲಾಕ್ ತರುತ್ತಾರೆ. ಬ್ಲಾಕಿಗೆ ಜಲ್ಲಿಪುಡಿ ಬೇಕು, ಸಿಮೆಂಟ್ ಬೇಕು. ಸಿಮೆಂಟಿಗೆ ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಬೇಯಿಸಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ. 7-8ರಷ್ಟು ಈ ಒಂದೇ ಉದ್ಯಮದ್ದು. ನಮ್ಮ ರಾಜ್ಯದಲ್ಲಿ ಆ ಗಣಿ, ಆ ಗೂಡುಗಳು ಹೆಚ್ಚಾಗಿರೋದು ಸೇಡಂ, ಚಿತ್ತಾಪುರದ ಕಡೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಎಲ್ಲರೂ ಖುಷಿಪಟ್ಟೆವು. ಅದರ ದೂಳು ಕುಡಿಯುವವರ ಲೆಕ್ಕ ಯಾವ ಬಿಲ್ಲಿನಲ್ಲೂ ಬರಲ್ಲ.

ಮರಳಿನ ಕಥೆಯೂ ಅದೇ. ನದಿ ಉಳಿಸಲು ಎಂ-ಸ್ಯಾಂಡ್ ಬಳಸಿ ಅಂದೆವು. ತಾಂತ್ರಿಕವಾಗಿ ತಪ್ಪಿಲ್ಲ, 2016ರ ಐಎಸ್ 383 ಮಾನದಂಡವೂ ಒಪ್ಪುತ್ತದೆ. ಆದರೆ ಎಂ-ಸ್ಯಾಂಡ್ ಅಂದರೆ ಪುಡಿ ಮಾಡಿದ ಬಂಡೆ. ಬಂಡೆ ಒಡೆಯಲು ಸ್ಫೋಟಕ ಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಎರಡೂ ಕಡೆ ಕಲ್ಲುಗಣಿಗೆಂದು ಇಟ್ಟಿದ್ದ ಸ್ಫೋಟಕ ಸಿಡಿದು ಜನ ಸತ್ತರು. ನದಿಯ ನೋವನ್ನು ಬೆಟ್ಟಕ್ಕೆ ವರ್ಗಾಯಿಸಿದ್ದೆವು, ಅಷ್ಟೇ.

ಅಂದರೆ ತೊಂದರೆ ಕೊಡದ ಗೋಡೆ ಇಲ್ಲ. ಎಷ್ಟು ತೊಂದರೆ, ಯಾರಿಗೆ, ಯಾರು ತೀರ್ಮಾನಿಸಿದ್ದು, ಇವೇ ಪ್ರಶ್ನೆಗಳು. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಕಟ್ಟಡದ ಕಲ್ಲು, ಸಾಮಾನ್ಯ ಮಣ್ಣು, ಸಾಮಾನ್ಯ ಮರಳು ಎಲ್ಲವೂ ‘ಉಪಖನಿಜ’. ಇವುಗಳ ನಿಯಮ ಮಾಡುವ ಅಧಿಕಾರ 15ನೇ ಸೆಕ್ಷನ್ ಪ್ರಕಾರ ರಾಜ್ಯದ್ದು. ಹಾಗಾಗಿ ಇಲ್ಲಿ ದೆಹಲಿಯನ್ನು ಮಾತ್ರ ಬೈದು ಕೈ ತೊಳೆಯುವಂತಿಲ್ಲ.

ರಾಜ್ಯ ಮಾಡಬಹುದಾದ ಎರಡು ಕೆಲಸ ನನಗೆ ಕಾಣುತ್ತವೆ.

ಮೊದಲನೆಯದು ಕೂಲಿ. ದೆಹಲಿಯಲ್ಲಿ ಹೊಗೆ ಹೆಚ್ಚಾಗಿ ಕಟ್ಟಡ ಕೆಲಸ ನಿಷೇಧವಾದಾಗ, ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಸೆಸ್ ನಿಧಿಯಿಂದ ಜೀವನ ಭತ್ಯೆ ಕೊಡಿ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ಆದೇಶಿಸಿತು. 2024ರಲ್ಲೂ ಅದನ್ನೇ ಹೇಳಿತು. ಕಟ್ಟಡದ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ನಮ್ಮಲ್ಲೂ ಇದೆ, ಕಲ್ಯಾಣ ಮಂಡಳಿಯೂ ಇದೆ. ಕೋವಿಡ್ ಲಾಕ್‌ಡೌನ್‌ನಲ್ಲಿ ಅದೇ ಮಂಡಳಿ ನೋಂದಾಯಿತ ಕಾರ್ಮಿಕರ ಖಾತೆಗೆ ಹಣ ಹಾಕಿತ್ತು. ಹೊಗೆಗೆ, ವೈರಸ್ಸಿಗೆ ಅನ್ವಯಿಸಿದ ನ್ಯಾಯ ಕೋರೆ ಮುಚ್ಚಿದಾಗ ಯಾಕೆ ಬೇಡ? ಸರ್ಕಾರದ ಕ್ರಮದಿಂದ ಕೆಲಸ ನಿಂತರೆ ಭತ್ಯೆ ತಾನಾಗಿಯೇ ಸಿಗಬೇಕು. ಹಾಗಾದಾಗ ಅಕ್ರಮ ಗಣಿ ಮಾಲೀಕರು ಕಾರ್ಮಿಕರ ಹಸಿವನ್ನು ಮುಂದಿಟ್ಟುಕೊಂಡು ಮಾತಾಡೋದೂ ತಪ್ಪುತ್ತದೆ. ನೋಂದಣಿಯೇ ಆಗದ ವಲಸೆ ಕಾರ್ಮಿಕರನ್ನು ಪಟ್ಟಿಗೆ ಸೇರಿಸುವ ಕೆಲಸ ಅದಕ್ಕೂ ಮೊದಲು ಆಗಬೇಕು.

ಎರಡನೆಯದು ಮಾಹಿತಿ. 2016ರ ಜನವರಿಯ ಕೇಂದ್ರ ಅಧಿಸೂಚನೆಯಂತೆ ಪ್ರತಿ ಜಿಲ್ಲೆಯೂ ಮರಳು ಮತ್ತು ಇತರ ಉಪಖನಿಜಗಳ ಸಮೀಕ್ಷಾ ವರದಿ ಮಾಡಬೇಕು. ಎಲ್ಲಿ ತೆಗೆಯಬಹುದು, ಎಲ್ಲಿ ಮುಟ್ಟಬಾರದು ಎನ್ನುವುದಕ್ಕೆ ಅದೇ ಬುನಾದಿ. ಕರಡನ್ನು 21 ದಿನ ಜನರ ಮುಂದಿಡಬೇಕು, ಆಕ್ಷೇಪಣೆ ಪರಿಗಣಿಸಬೇಕು, ಐದು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು. ಗುಡ್ಡದ ಇಳಿಜಾರು, ಶೇಡಿ ಮಣ್ಣು, ಬಾವಿಗಳ ನೀರು, ಕೋರೆ ಮುಚ್ಚುವ ಯೋಜನೆ, ಇದೆಲ್ಲ ಬರಬೇಕಾದದ್ದು ಅಲ್ಲಿ. ಪರ್ಮಿಟ್ ರಾಜಕಾರಣಕ್ಕೆ ಕತ್ತಲೆ ಬೇಕು, ಈ ವರದಿ ಆ ಕತ್ತಲೆಗೆ ಒಂದು ದೀಪ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಜಿಲ್ಲೆಯ ವೆಬ್‌ಸೈಟಿಗೆ ಹೋಗಿ ಆ ವರದಿ ಹುಡುಕಿ. ಸಿಕ್ಕರೆ ನಿಮ್ಮೂರಿನ ಕೋರೆ ಅದರಲ್ಲಿದೆಯಾ ನೋಡಿ. ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ. ಮುಂದಿನ ಸಲ ಕಲ್ಲು ನಿಂತಾಗ ‘ಯಾಕೆ ನಿಲ್ಲಿಸಿದಿರಿ’ ಅಂತ ಕೇಳೋಕೆ ಸಾವಿರ ಜನ ಇರ್ತಾರೆ. ‘ಇಷ್ಟು ದಿನ ಯಾವ ಲೆಕ್ಕದಲ್ಲಿ ತೆಗೀತಿದ್ರಿ’ ಅಂತ ಕೇಳೋಕೆ ನಾವು ನಾಲ್ಕು ಜನವಾದರೂ ಇರಬೇಕು.