ಅಪರೂಪದ ಪದ ಯಾವುದು? ಪದದಾಟ ಮತ್ತು ವೃತ್ತಿನುಡಿ

ಪದದಾಟಗಳಿಗಾಗಿ ಅಪರೂಪದ ಪದಗಳನ್ನು ಪಟ್ಟಿಮಾಡಿ ಕಂಠಪಾಠ ಮಾಡುವುದು ಇಂಗ್ಲಿಷಿನಲ್ಲಿ ಒಂದು ಶಿಸ್ತಾಗಿಯೇ ಬೆಳೆದಿದೆ. ಸ್ಕ್ರ್ಯಾಬಲ್ ಆಟದಲ್ಲಿ 'ಕ್ಯೂ', 'ಐ' ಎಂಬ ಎರಡೇ ಅಕ್ಷರಗಳಿಂದಾದ ಚೀನೀ ಮೂಲದ 'ಚೀ' ಎಂಬ ಪದಕ್ಕೆ ಬೆಲೆ ಬಂದಿರುವುದು 'ಪ್ರಾಣಶಕ್ತಿ' ಎಂಬ ಅದರ ಅರ್ಥದಿಂದಲ್ಲ. ಹತ್ತು ಅಂಕಗಳ 'ಕ್ಯೂ' ಬಿಲ್ಲೆಯನ್ನು ಸುಲಭವಾಗಿ ಹೂಡಲು ಅದು ಒದಗುವುದರಿಂದ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಅವರು ಫ್ರೆಂಚ್ ಮಾತನಾಡಲು ಬಾರದಿದ್ದರೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅರ್ಥವಿಲ್ಲದೆಯೂ ಪದಸಂಪತ್ತು ಸಾಧ್ಯವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಕನ್ನಡ ಪತ್ರಿಕೆಗಳ ಪದಬಂಧದ ಸ್ವರೂಪ ಬೇರೆ. ಅಲ್ಲಿ ಮನೆಯೊಂದಕ್ಕೆ ಒಂದು ಅಕ್ಷರ, ಕಾಗುಣಿತ ಒತ್ತುಗಳ ಸಮೇತ. ಸುಳಿವು ಅರ್ಥದಿಂದಲೇ ಹೊರಡುತ್ತದೆ. ಆದರೆ ನಮ್ಮ ಪದಸಂಗ್ರಹ ಕಾರ್ಯ ಹಲವೊಮ್ಮೆ ಸ್ಕ್ರ್ಯಾಬಲ್ ಆಟಗಾರನ ದೃಷ್ಟಿಯಿಂದಲೇ ನಡೆಯುತ್ತದೆ ಎಂಬುದು ನನ್ನ ಆಕ್ಷೇಪ. ಕಿವಿಗೆ ಅಪರಿಚಿತವಾದುದನ್ನು ಮಾತ್ರ ನಾವು ಅಪರೂಪವೆಂದು ಬರೆದುಕೊಳ್ಳುತ್ತೇವೆ. ಕ್ಷೇತ್ರಕಾರ್ಯದ ಆರಂಭದಲ್ಲಿ ನಾನು ಮಾಡಿದ ತಪ್ಪೂ ಇದೇ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ವೃತ್ತಿನುಡಿ ಈ ದೃಷ್ಟಿಯ ಮಿತಿಯನ್ನು ತೋರಿಸಿಕೊಡುತ್ತದೆ. ರೇಷ್ಮೆ ಸಾಕುವವರ 'ಜ್ವರ' ಕಾಯಿಲೆಯಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚುವ ಅವಸ್ಥೆ. ನಾಲ್ಕು ಜ್ವರ ಕಳೆದು, ಮತ್ತೆ ಮೇದು, ಗೂಡು ಕಟ್ಟಲು ಸಿದ್ಧವಾದ ಹುಳುವೇ 'ಹಣ್ಣು ಹುಳು'. ಅದನ್ನು ಬಿಡುವ ಬಿದಿರಿನ ತಟ್ಟಿ 'ಚಂದ್ರಿಕೆ'. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗೆ 'ಕಡೆಯುವುದು' ಎಂದರೆ ಮಜ್ಜಿಗೆ ಕಡೆಯುವುದಲ್ಲ; ತಿರುಗುವ ಆಲೆಮರದ ತುಂಡಿಗೆ ಉಳಿ ಹಿಡಿದು ರೂಪ ಕೊಡುವುದು. ಅನಂತರ ಘರ್ಷಣೆಯ ಕಾವಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಜ್ವರ, ಹಣ್ಣು, ಕಡೆ ಇವೆಲ್ಲ ಶಾಲಾ ಬಾಲಕನಿಗೂ ತಿಳಿದ ಪದಗಳು. ಅಪರೂಪವಾದುದು ಅವುಗಳ ರೂಪವಲ್ಲ, ಅರ್ಥ. 'ನಿಮ್ಮಲ್ಲಿ ವಿಶೇಷ ಪದಗಳಾವುವು?' ಎಂದು ಕೇಳುವ ಸಂಶೋಧಕನಿಗೆ ಇವು ದಕ್ಕುವುದೇ ಇಲ್ಲ. ಹೇಳುವವರಿಗೆ ಅವು ವಿಶೇಷವೆನಿಸಿಯೇ ಇರುವುದಿಲ್ಲ.

ಕೆಲಸ ಬದಲಾದಾಗ ಪದವೂ ಬದಲಾಗುತ್ತದೆ. ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನ 'ನೇತ್ರಿಕೆ' ಬಂದಿದೆ. ರಾಗಿ ಹೊಲದ ನಡುವೆ ಅವರೆ, ತೊಗರಿಯನ್ನು 'ಅಕ್ಕಡಿ'ಯಾಗಿ ಬಿತ್ತಲು ಕೂರಿಗೆಯ ಹಿಂದೆ ಹಿಡಿಯುತ್ತಿದ್ದ 'ಸಡ್ಡೆ' ಟ್ರ್ಯಾಕ್ಟರಿನ ಬಿತ್ತನೆಯಲ್ಲಿ ಕೈಬಿಟ್ಟುಹೋಗುತ್ತಿದೆ. ಸಡ್ಡೆಯೊಡನೆ ಮರೆಯಾಗುವುದು ಒಂದು ಪದವಷ್ಟೇ ಅಲ್ಲ, ಮಿಶ್ರಬೆಳೆಯ ಒಂದು ತಿಳಿವಳಿಕೆ.

ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಕೃಷಿಪದಗಳ ಮಾಂಡಲಿಕ ವೃತ್ತಿಪದಕೋಶವನ್ನು 1962ರಲ್ಲಿಯೇ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಗ್ರಂಥಗಳ ಭಾಷೆಗೆ ದೊಡ್ಡ ಆಧಾರ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ವೃತ್ತಿಪದಕೋಶಗಳೂ ಬಂದಿವೆ. ಆ ಕೆಲಸ ತಾಲ್ಲೂಕು ಮಟ್ಟದಲ್ಲಿ ಮುಂದುವರಿಯಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಪದವನ್ನು ಬಿಡಿಯಾಗಿ ಕೇಳದೆ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಪ್ರತಿ ಹಂತದಲ್ಲಿ ಆಡಿದ ವಾಕ್ಯವನ್ನು ಹಾಗೆಯೇ ದಾಖಲಿಸಬೇಕು. ವಾಕ್ಯವಿಲ್ಲದ ಪದಪಟ್ಟಿ ರಸಪ್ರಶ್ನೆಗೆ ಒದಗೀತು, ನಿಘಂಟಿಗೆ ಒದಗದು.