ಬಿರುಗಾಳಿಯ ನಷ್ಟ ಮತ್ತು ವಿಮಾ ಮೊತ್ತದ ಕೊರತೆ

2021ರ ಮೇ 15ರಂದು ತೌಕ್ತೆ ಚಂಡಮಾರುತವು ಉಡುಪಿ ಜಿಲ್ಲೆಯ ತೀರವನ್ನು ದಾಟಲಿಲ್ಲ. ಅರಬ್ಬೀ ಸಮುದ್ರದಲ್ಲಿಯೇ ಉತ್ತರಾಭಿಮುಖವಾಗಿ ಸಾಗಿ, ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲಕ್ಕೇರಿತು. ದೂರದಿಂದಲೇ ಹಾದುಹೋದ ಆ ಗಾಳಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಮರಗಳು ಉರುಳಿದವು, ವಿದ್ಯುತ್ ಕಂಬಗಳು ಧರೆಗೊರಗಿದವು, ಮರವಂತೆಯಲ್ಲಿ ಕಡಲು ದಂಡೆಯನ್ನು ಕೊರೆಯಿತು. ಅರಬ್ಬೀ ಸಮುದ್ರದ ಮೇಲ್ಮೈ ಉಷ್ಣತೆ ಏರುತ್ತಿರುವುದರಿಂದ ಇಂತಹ ಚಂಡಮಾರುತಗಳು ಬಲಿಷ್ಠವಾಗುತ್ತಿವೆ ಎಂಬುದು ಹವಾಮಾನ ತಜ್ಞರ ಅಭಿಪ್ರಾಯ. ಚಂಡಮಾರುತವಿಲ್ಲದ ವರ್ಷಗಳಲ್ಲಿಯೂ ಮುಂಗಾರು ಪೂರ್ವದ ಗಾಳಿಯು ತಗಡಿನ ಮಾಡುಗಳನ್ನು ಹಾರಿಸುವುದು ಇಲ್ಲಿ ಹೊಸತಲ್ಲ.

ಇಂತಹ ಸಂದರ್ಭದಲ್ಲಿ ವರ್ತಕರ ದೃಷ್ಟಿ ಸರಕಾರದ ಪರಿಹಾರದತ್ತ ಹರಿಯುತ್ತದೆ. ಆದರೆ ವಿಪತ್ತು ಪರಿಹಾರ ನಿಧಿಯ ಮಾನದಂಡಗಳು ಮನೆ, ಬೆಳೆ, ಜಾನುವಾರು, ದೋಣಿ, ಬಲೆಗಳನ್ನು ಗಮನಿಸುತ್ತವೆಯೇ ಹೊರತು ಅಂಗಡಿಯ ಸರಕನ್ನಾಗಲಿ ಗಿರಣಿಯ ಯಂತ್ರವನ್ನಾಗಲಿ ಅಲ್ಲ. ತೆರಿಗೆ ಸಲ್ಲಿಸುವವನ ಪಾಲಿಗೆ ಇದು ಅನ್ಯಾಯವೇ ಸರಿ. ಮನವಿಗಳನ್ನು ಸಲ್ಲಿಸುತ್ತಿರಬೇಕು, ಅವನ್ನೇ ನಂಬಿ ಕೂರಲಾಗದು.

ಉಳಿಯುವುದು ವಿಮೆ. ಸಣ್ಣ ಉದ್ದಿಮೆಗಳಲ್ಲಿ ವಿಮೆಯೇ ಇಲ್ಲವೆಂದಲ್ಲ. ಅದನ್ನು ಬ್ಯಾಂಕಿನ ಸಾಲದ ಮೊತ್ತಕ್ಕೆ ಮಾತ್ರ ಮಾಡಿಸಲಾಗಿರುತ್ತದೆ. ನಲವತ್ತು ಲಕ್ಷ ರೂಪಾಯಿಯ ದಾಸ್ತಾನಿಗೆ ಇಪ್ಪತ್ತು ಲಕ್ಷದ ವಿಮೆಯಿದ್ದು, ಮಾಡು ಹಾರಿ ಆರು ಲಕ್ಷದ ಸರಕು ನೆನೆದು ಹಾಳಾಯಿತೆನ್ನೋಣ. ಇಪ್ಪತ್ತು ಲಕ್ಷದ ಮಿತಿಯೊಳಗೇ ನಷ್ಟವಿದೆಯೆಂದು ಮಾಲೀಕನು ಆರು ಲಕ್ಷವನ್ನು ನಿರೀಕ್ಷಿಸುತ್ತಾನೆ. ಆವರೇಜ್ ಷರತ್ತಿನಂತೆ ದೊರೆಯುವುದು ಮೂರು ಲಕ್ಷ. ಪಾಲಿಸಿಯ ಇತರ ಕಡಿತಗಳು ಬೇರೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯು ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ಬಿರುಗಾಳಿ, ನೆರೆಯ ರಕ್ಷಣೆಯನ್ನು ಒಳಗೊಂಡಿದ್ದು, ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ. ಶೇಕಡಾ 50ರ ಕೊರತೆಯನ್ನಲ್ಲ.

ಕರಾವಳಿಯ ವ್ಯಾಪಾರಕ್ಕೆ ಮತ್ತೊಂದು ತೊಡಕಿದೆ. ಗೇರುಬೀಜದ ಕೊಯ್ಲು ಮಾರ್ಚಿನಿಂದ ಮೇವರೆಗೆ. ಕಾರ್ಖಾನೆಗಳ ಗೋದಾಮುಗಳು ತುಂಬುವುದು ಆಗಲೇ. ಅಂಗಡಿಗಳು ಮಳೆಗಾಲದ ಸರಕನ್ನು ತರಿಸುವುದೂ ಮೇ ತಿಂಗಳಲ್ಲಿಯೇ. ಅಂದರೆ ಗಾಳಿ ಬೀಸುವ ಕಾಲಕ್ಕೆ ದಾಸ್ತಾನು ವರ್ಷದ ಗರಿಷ್ಠ ಮಟ್ಟದಲ್ಲಿರುತ್ತದೆ. ಮಾರ್ಚ್ 31ರ ಅಡಾವೆ ಪತ್ರಿಕೆಯ ಅಂಕಿಯನ್ನಾಗಲಿ ವರ್ಷದ ಸರಾಸರಿಯನ್ನಾಗಲಿ ಆಧರಿಸಿದ ವಿಮಾ ಮೊತ್ತವು ಕಡಿಮೆ ಬೀಳುವುದು ಇದೇ ಕಾರಣದಿಂದ. ಮೇ ತಿಂಗಳ ದಾಸ್ತಾನೇ ಅಳತೆಗೋಲಾಗಬೇಕು. ಹೆಚ್ಚುವ ಪ್ರೀಮಿಯಂ ಆ ಮೂರು ಲಕ್ಷದ ಮುಂದೆ ಅಲ್ಪವೇ. ಜೂನ್ 1ರ ಯಾಂತ್ರೀಕೃತ ಮೀನುಗಾರಿಕೆ ನಿಷೇಧಕ್ಕೆ ಮುನ್ನ ಗಂಗೊಳ್ಳಿಯ ಮೀನು ವ್ಯಾಪಾರಕ್ಕೂ ಇದು ಕೊನೆಯ ತಿಂಗಳು. ವಿದ್ಯುತ್ ಕಡಿತದಿಂದ ಶೀತಲಗೃಹದಲ್ಲಿ ಮೀನು ಕೊಳೆತರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ. ಅದಕ್ಕೆ ಪ್ರತ್ಯೇಕ ರಕ್ಷಣೆ ಪಡೆಯಬೇಕು. ಆದಾಯ ನಷ್ಟದ ವಿಷಯವೂ ಹಾಗೆಯೇ.

ವಾಣಿಜ್ಯ ಸಂಘಗಳು ಏಪ್ರಿಲ್ ತಿಂಗಳಲ್ಲಿ ಸದಸ್ಯರ ಪಾಲಿಸಿಗಳನ್ನು ಪರಿಶೀಲಿಸುವ ಶಿಬಿರ ನಡೆಸುವುದು ಉಚಿತ. ವಿದ್ಯುತ್ ತಂತಿಗೆ ಬಾಗಿದ ಕೊಂಬೆಗಳನ್ನು ಮೇ ತಿಂಗಳಿಗೆ ಮುನ್ನ ಕಡಿಸುವಂತೆ ಮೆಸ್ಕಾಂಗೆ ಪತ್ರ ಬರೆಯುವುದನ್ನೂ ಅದರೊಡನೆ ಮಾಡಬಹುದು.

ನಷ್ಟವಾದ ಬಳಿಕ ಅವಶೇಷಗಳನ್ನು ತೆರವು ಮಾಡುವ ಮೊದಲು ಛಾಯಾಚಿತ್ರ ತೆಗೆದು, ವಿಮಾ ಕಂಪನಿಗೆ ಒಡನೆ ಲಿಖಿತವಾಗಿ ತಿಳಿಸತಕ್ಕದ್ದು. ದಾಸ್ತಾನು ಪುಸ್ತಕದ ಪ್ರತಿಯೊಂದನ್ನು ಬೇರೆಡೆ ಇರಿಸಿರಬೇಕು. ಪುಸ್ತಕವೇ ನೆನೆದರೆ ಸರ್ವೇಯರಿಗೆ ತೋರಿಸಲು ಏನೂ ಉಳಿಯದು. ನಾಶವಾದ ಸರಕಿನ ಖರೀದಿಯ ಮೇಲೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್‌ ಅನ್ನು ಕಾಯಿದೆಯ 17(5)ನೇ ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ತೆರಿಗೆ ಬಿಟ್ಟು ಬರಿಯ ಬೆಲೆಗೆ ವಿಮೆ ಮಾಡಿಸಿದವರು ಆ ಹಣವನ್ನು ಕೈಯಿಂದಲೇ ಕಟ್ಟಬೇಕಾದೀತು.