ಹೊಳಪು ಬೇಕು, ಆದರೆ ಎಲ್ಲಾ ಕಡೆ ಅಲ್ಲ

ಬಸವಕಲ್ಯಾಣ, ಹುಮನಾಬಾದ್ ಕಡೆ ಲಾರಿ ಅಂದ್ರೆ ಎಷ್ಟೋ ಮನೆಗಳ ಅನ್ನ. ಪುಣೆ-ಹೈದರಾಬಾದ್ ನಡುವಿನ 65ನೇ ರಾಷ್ಟ್ರೀಯ ಹೆದ್ದಾರಿ ಇಲ್ಲೇ ಹಾದುಹೋಗುತ್ತದೆ. ಹೆಚ್ಚಿನ ಲಾರಿಗಳಿಗೆ ಇನ್ನೂ ಉಕ್ಕಿನ ಡಿಸ್ಕೇ. ತೂಕ ಕಡಿಮೆ ಅಂತ ಅಲ್ಯೂಮಿನಿಯಂ ಹಾಕಿಸಿದವರು ಮಾತ್ರ, ಅದು ಮಂಕಾದಾಗ "ನಾವೇ ಕೋಟಿಂಗ್ ಹಚ್ಚಬಹುದಾ?" ಅಂತ ನನ್ನನ್ನು ಕೇಳ್ತಾರೆ. ಕೋಡ್ ಬರೆಯುವವನಾದರೇನು, ಇಂಜಿನಿಯರ್ ತಾನೆ!

ಹಚ್ಚಬಹುದು. ಟೈರ್ ಬಿಚ್ಚಿಸಿ, ಸೋಪಿನ ನೀರಲ್ಲಿ ತೊಳೆಯಿರಿ. ಕಾಸ್ಟಿಕ್ ಸೋಡಾ ಬೇಡವೇ ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತೆ. ಆಮೇಲೆ ಬೋಲ್ಟ್ ತೂತಿನ ಸುತ್ತ ಬಿರುಕು ಇದೆಯಾ ನೋಡಿ. ಇದ್ದರೆ ಆ ವೀಲ್ ಗುಜರಿಗೆ. ಬಣ್ಣ ಬಿರುಕನ್ನು ಮುಚ್ಚುತ್ತೆ, ಬೆಸೆಯಲ್ಲ. ಚೆನ್ನಾಗಿದ್ದರೆ 400 ನಂಬರ್ ಎಮರಿ ಪೇಪರ್ ಉಜ್ಜಿ, ಒರೆಸಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಡಬ್ಬಿ ಬೆರೆಸುವ ಪಾಲಿಯುರಿಥೇನ್ ಹಚ್ಚಿ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತೆ, ಸ್ಪ್ರೇ ಮಾಡಿದರೆ ಆಸ್ತಮಾ ಬರಬಹುದು. ಮುಖಕ್ಕೆ ಕಟ್ಟಿದ ಟವೆಲ್ ಸಾಲದು. ಬ್ರಷ್ ಬಳಸಿ, ಬಯಲಲ್ಲಿ ಕೂತು ಹಚ್ಚಿ.

ಮುಖ್ಯ ಮಾತು ಇದು: ಹಬ್‌ಗೆ ಕೂರುವ ಮುಖಕ್ಕೂ ನಟ್ ಕೂರುವ ಜಾಗಕ್ಕೂ ಟೇಪ್ ಅಂಟಿಸಿ, ಅಲ್ಲಿ ಬಣ್ಣ ತಾಗಬಾರದು. ನಡುವೆ ಬಣ್ಣದ ಪದರ ಇದ್ದರೆ ಓಡುತ್ತಾ ಓಡುತ್ತಾ ಅದು ಸವೆದು ತೆಳುವಾಗುತ್ತೆ, ಬಿಗಿದ ನಟ್ ಸಡಿಲಾಗುತ್ತೆ. ಮುಂದೆ ಕಳಚಿದ ಚಕ್ರ ಯಾರ ಮೇಲೆ ಹೋಗುತ್ತೋ!

ಹಾಗಾಗಿ ಮತ್ತೆ ಜೋಡಿಸಿದ ಮೇಲೆ 80ರಿಂದ 160 ಕಿ.ಮೀ. ಒಳಗೆ ಗಾಡಿ ನಿಲ್ಲಿಸಿ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಅಂದರೆ ಇಲ್ಲಿಂದ ಹೊರಟ ಲಾರಿ ಹೈದರಾಬಾದ್ ಮುಟ್ಟುವ ಮೊದಲೇ.